ನೂರ ಹದಿನೇಳನೆಯ ಚೌಕ

ಹದ್ದು ನಲವತ್ತೊಂದು ಮತ್ತೆ ಬಂದಿತ್ತು.

ಹುಲಿಗೆಮ್ಮ ಕಂಟ್ರೋಲ್ ರೂಮಿನಲ್ಲಿ ಚಹಾದ ಲೋಟ ಕೈಯಲ್ಲೇ ಹಿಡಿದು ಪರದೆಯ ಮೇಲಿನ ಆ ಕೆಂಪು ಗೆರೆಯನ್ನು ನೋಡುತ್ತ ಕೂತಿದ್ದಳು. ನಿನ್ನೆ ಆಟ ಆಡಿದ ನಾಲ್ಕು ಸಾವಿರ ಚಿಲ್ಲರೆ ಜನರ ಹಾರಾಟದ ದಾರಿಗಳು ಅಲ್ಲಿ ಸಿಕ್ಕುಗಟ್ಟಿದ ನೂಲಿನ ಹಾಗೆ ಬಿದ್ದಿದ್ದವು. ಎಲ್ಲರೂ ಸುತ್ತಾಡಿದ್ದು ಕೃಷ್ಣಮೃಗ ಇರುವ ಕಡೆ, ಕೆರೆಯಂಚಿನಲ್ಲಿ ಕೊಕ್ಕರೆ ಇರುವ ಕಡೆ. ಹದ್ದು ಅನ್ನುವ ಹೆಸರಲ್ಲಿ ಆಡುವ ಇವನೊಬ್ಬ ಮಾತ್ರ ಸತತ ಮೂರನೆಯ ದಿನ ನಕ್ಷೆಯ ನೂರ ಹದಿನೇಳನೆಯ ಚೌಕದ ಮೇಲೆ ಗಿರಕಿ ಹೊಡೆದಿದ್ದ. ಆಟದಲ್ಲಿ ಆ ಚೌಕದೊಳಗೆ ಏನೂ ಇಲ್ಲ, ಬರೀ ಹುಲ್ಲು. ನಿಜದ ನೆಲದಲ್ಲಿ ಅಲ್ಲೊಂದು ಎರೆಭೂತ ಮೊಟ್ಟೆಯ ಮೇಲೆ ಕೂತಿತ್ತು. ಆ ವಿಷಯ ಗೊತ್ತಿದ್ದವರು ಇಬ್ಬರೇ. ಅದರಲ್ಲಿ ಒಬ್ಬಳು ಹುಲಿಗೆಮ್ಮ.

ಎರೆಭೂತ ಅಂದರೆ ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಎರೆಮಣ್ಣಿನ ಬಯಲಲ್ಲಿ ನಡೆದಾಡುವ, ಆಡಿನ ಮರಿಯಷ್ಟು ತೂಕದ, ಬಿಳಿ ಕೊರಳಿನ ದೊಡ್ಡ ಹಕ್ಕಿ. ಗೂಡು ಕಟ್ಟುವ ಗೋಜಿಗೆ ಹೋಗದೆ ಬರೀ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಮನುಷ್ಯರು ಹತ್ತಿರ ಸುಳಿದರೆ ಎದ್ದು ಹೋಗಿಬಿಡುತ್ತದೆ, ಕೆಲವು ಸಲ ತಿರುಗಿ ಬರುವುದೇ ಇಲ್ಲ. ಸಿರುಗುಪ್ಪದಾಚೆಯ ಆ ಬಯಲಲ್ಲಿ ಒಂದು ಕಾಲಕ್ಕೆ ಇವು ಹಿಂಡುಹಿಂಡಾಗಿ ಮೇಯುತ್ತಿದ್ದವಂತೆ. ಈ ಕಥೆ ನಡೆಯುವ ಹೊತ್ತಿಗೆ ಮೊಟ್ಟೆ ಇಡುವ ಹೆಣ್ಣು ಒಂದೇ ಉಳಿದಿತ್ತು.

ಅದನ್ನು ಕಾಯಲೆಂದೇ ಬೂದಗುಂಪಿ ಕ್ಯಾಂಪ್ ಎಂಬ ಊರಿನ ಹಳೆಯ ಬೀಜದ ಗೋದಾಮಿನಲ್ಲಿ ಅಧ್ಯಯನ ಕೇಂದ್ರವೊಂದು ಶುರುವಾಗಿತ್ತು. ಎರಡು ಮೀಟರ್ ರೆಕ್ಕೆಯ, ಒಳಗೆ ಆಳಿಲ್ಲದ, ಹುಲಿಗೆಮ್ಮ ಕೆಳಗಿನಿಂದಲೇ ಹಾರಿಸುವ ಸಣ್ಣ ವಿಮಾನ ದಿನಾ ಬೆಳಿಗ್ಗೆ ಬಯಲಿನ ಮೇಲೆ ಅತ್ತಿಂದಿತ್ತ ಸಾಲು ಹೊಡೆದು ಸಾವಿರಾರು ಚಿತ್ರ ತೆಗೆಯುತ್ತಿತ್ತು. ಅಷ್ಟೂ ಚಿತ್ರ ನೋಡಿ ಪ್ರಾಣಿ ಎಣಿಸುವವರು ಯಾರು? ಕಂಪ್ಯೂಟರಿಗೆ ಬಿಟ್ಟರೆ ಅದು ಮಣ್ಣಹೆಂಟೆಯನ್ನು ಮೊಲ ಅನ್ನುತ್ತಿತ್ತು, ಮೊಲವನ್ನು ಹೆಂಟೆ ಅನ್ನುತ್ತಿತ್ತು. ಆಗ ವಿಮಾನ ಹಾರಿಸುವ ಆಟ ಮಾಡುವ ಕಂಪನಿಯೊಂದರವರು ಬಂದರು. ನಿಮ್ಮ ಚಿತ್ರಗಳನ್ನು ಕೊಡಿ, ಒಂದಕ್ಕೊಂದು ಹೊಲಿದು ನಿಜವಾದ ಬಯಲನ್ನೇ ಆಟದೊಳಗೆ ಹಾಸುತ್ತೇವೆ. ಆಡುವವರು ಅದರ ಮೇಲೆ ಹಾರಾಡುತ್ತ ಕಂಡ ಪ್ರಾಣಿಗೆಲ್ಲ ಗುರುತು ಹಾಕಲಿ. ಹತ್ತು ಜನ ಒಂದೇ ಕಡೆ ಗುರುತು ಹಾಕಿದರೆ ನೀವು ಲೆಕ್ಕಕ್ಕೆ ಹಿಡಿಯಿರಿ ಅಂದರು. ‘ರೆಕ್ಕೆಯಾಟ’ ಹುಟ್ಟಿದ್ದು ಹೀಗೆ. ಪುಣೆಯಲ್ಲಿ ಕೂತವನು, ದುಬೈಯಲ್ಲಿ ಕೂತವನು, ಕೆಲಸ ಮುಗಿಸಿ ಬಂದು ಅಂಗಿ ಬಿಚ್ಚಿ ಒಂದು ತಾಸು ಸಿರುಗುಪ್ಪದ ಎರೆಯ ಮೇಲೆ ವಿಮಾನ ಹಾರಿಸಿ, ನಾಲ್ಕು ಕೃಷ್ಣಮೃಗ, ಅಂದರೆ ಅಲ್ಲಿಯವರ ಚಿಗರಿ, ಎಣಿಸಿ ಮಲಗುತ್ತಿದ್ದ. ಎಣಿಕೆ ಎಷ್ಟು ಚೊಕ್ಕವಾಗಿ ಬರುತ್ತಿತ್ತೆಂದರೆ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ನೋಡಿ ತಲೆದೂಗಿ ಹೋದರು.

ಎರೆಭೂತ ಮಾತ್ರ ಆಟಕ್ಕೆ ಹೋಗುತ್ತಿರಲಿಲ್ಲ. ಮೊಟ್ಟೆಯ ಜಾಗ ಯಾವುದೆಂದು ಹುಲಿಗೆಮ್ಮ ಒಮ್ಮೆ ಗುರುತು ಮಾಡಿಕೊಟ್ಟರೆ ಮುಗಿಯಿತು, ಕಂಪ್ಯೂಟರ್ ಅಲ್ಲಿಯ ಹಕ್ಕಿಯನ್ನು ಅಳಿಸಿ ಪಕ್ಕದ ಹುಲ್ಲಿನಿಂದ ತೇಪೆ ಹಾಕಿ ಕಳಿಸುತ್ತಿತ್ತು. ತೇಪೆ ಎಲ್ಲಿದೆಯೆಂದು ದೇವರಿಗೂ ಗೊತ್ತಾಗುವುದಿಲ್ಲ ಅಂತ ಕಂಪನಿಯವರು ಎದೆ ತಟ್ಟಿಕೊಂಡಿದ್ದರು.

ಆದರೂ ಆಷಾಢದಲ್ಲಿ ಅರವತ್ತನಾಲ್ಕನೆಯ ಚೌಕದ ಮೊಟ್ಟೆ ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಜೀಪಿನ ಗಾಲಿಯ ಗುರುತು, ತುಳಿದ ಹುಲ್ಲು, ಕ್ಯಾಮೆರಾದ ಕರಿ ಮುಚ್ಚಳ ಒಂದು. ಯಾರೋ ಚಿತ್ರ ತೆಗೆಯುವ ಹುಚ್ಚಿಗೆ ಹಕ್ಕಿಯ ಮೈಮೇಲೇ ಹೋಗಿದ್ದರು. ಮೊಟ್ಟೆ ಒಡೆದು ಇರುವೆ ಮುತ್ತಿತ್ತು. ಹುಲಿಗೆಮ್ಮ ಅಲ್ಲೇ ಕೂತು ಸತ್ತ ಮನೆಯಲ್ಲಿ ಅಳುವ ಹಾಗೆ ಅತ್ತಳು.

ಜಾಗ ಹೇಳಿದವರು ಯಾರು? ಆಗ ಗೊತ್ತಿದ್ದದ್ದು ಮೂವರಿಗೆ: ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಹೆಬಸೂರ ಮೇಡಂ, ಹುಲಿಗೆಮ್ಮ, ಕಾವಲುಗಾರ ಗಾದಿಲಿಂಗಪ್ಪ. ಗಾದಿಲಿಂಗಪ್ಪ ಹರೆಯದಲ್ಲಿ ಬಲೆ ಹಾಕಿ ಹಕ್ಕಿ ಹಿಡಿದವನು, ಅದನ್ನು ಅವನೇ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದ. ಮೊಟ್ಟೆ ಹೋಗುವ ಎರಡು ದಿನ ಮುಂಚೆ ಅವನು ಗೊತ್ತಿಲ್ಲದ ಜೀಪೊಂದರಿಂದ ಕ್ಯಾಂಪಿನ ಹತ್ತಿರ ಇಳಿದದ್ದನ್ನು ಹುಲಿಗೆಮ್ಮ ಕಂಡಿದ್ದಳು. ಮೇಡಂ ಕೇಳಿದಾಗ ಹೇಳಿಬಿಟ್ಟಳು. ಬಸ್ಸು ತಪ್ಪಿತ್ತು, ಹೋಗೋರನ್ನ ಕೈ ಮಾಡಿ ನಿಲ್ಲಿಸಿ ಬಂದೆ ಅಂತ ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ವಾರದಲ್ಲಿ ಅವನನ್ನು ಕೆಲಸದಿಂದ ಬಿಡಿಸಿದರು. ಹುಲಿಗೆಮ್ಮನ ಹೆಸರು ಹೊರಗೆ ಬರಲಿಲ್ಲ.

ಶ್ರಾವಣದಲ್ಲಿ ಅದೇ ಹಕ್ಕಿ ಮತ್ತೊಂದು ಮೊಟ್ಟೆ ಇಟ್ಟಿತು. ಮೊದಲಿನದು ಹಾಳಾದರೆ ಇದು ಹೀಗೆ ಒಮ್ಮೊಮ್ಮೆ ಇನ್ನೊಂದು ಇಡುವುದುಂಟು. ಈ ವರ್ಷಕ್ಕೆ ಇದೇ ಕೊನೆ. ಹಕ್ಕಿಗೆ ವಯಸ್ಸಾಗಿತ್ತು, ಮುಂದಿನ ವರ್ಷದ ಮಾತು ಯಾರೂ ಆಡುತ್ತಿರಲಿಲ್ಲ.

ಈಗ ಗಾದಿಲಿಂಗಪ್ಪ ಇಲ್ಲ. ನೂರ ಹದಿನೇಳರ ಸುದ್ದಿ ಅವನಿಗೆ ಗೊತ್ತಿರುವ ಸಾಧ್ಯತೆಯೇ ಇಲ್ಲ. ಆದರೂ ಈ ಹದ್ದು ಅಲ್ಲೇ ಸುತ್ತುತ್ತಿತ್ತು.

ಹಾಗಾದರೆ ಉಳಿದವರು ಯಾರು? ಹುಲಿಗೆಮ್ಮ ಲೋಟ ಕೆಳಗಿಟ್ಟು ಮೇಡಂ ಕೋಣೆಯ ಕಡೆ ನೋಡಿದಳು. ಅರ್ಧ ಗಾಜಿನ ಬಾಗಿಲಾಚೆ ಮೇಡಂ ಫೋನಿನಲ್ಲಿ ಯಾರೊಂದಿಗೋ ದನಿ ತಗ್ಗಿಸಿ ಮಾತಾಡುತ್ತಿದ್ದರು. ಈ ವಾರ ಹೀಗೆ ದನಿ ತಗ್ಗಿಸಿ ಮಾತಾಡಿದ್ದು ಎಷ್ಟನೆಯ ಸಲ? ಕಳೆದ ತಿಂಗಳು ಬಂದಿದ್ದ ಕ್ಯಾಮೆರಾದವರ ಜೊತೆ ನಕ್ಕು ನಕ್ಕು ಊಟ ಮಾಡಿದ್ದರಲ್ಲ? ಒಮ್ಮೆ ಅನುಮಾನ ಹೊಕ್ಕರೆ ಒಳ್ಳೆಯವರ ನಗುವೂ ಹುಳಿಯಾಗಿ ಕಾಣುತ್ತದೆ. ಮೇಡಂ ಹೊರಗೆ ಬಂದಾಗ ಹುಲಿಗೆಮ್ಮ ಪರದೆ ತೋರಿಸಿದಳು, ಆದರೆ ಅವರ ಮುಖದ ಮೇಲಿನ ಕಣ್ಣು ತೆಗೆಯಲಿಲ್ಲ.

ಮೇಡಂ ಬಹಳ ಹೊತ್ತು ಗೆರೆಯನ್ನೇ ನೋಡಿದರು. ಆಮೇಲೆ ತಿರುಗಿ ಹುಲಿಗೆಮ್ಮನನ್ನು ನೋಡಿದರು, ಅದೂ ಬಹಳ ಹೊತ್ತು.

“ಹುಲಿಗೆಮ್ಮ, ನಿನ್ನ ಗಂಡ ಈ ಆಟ ಆಡ್ತಾನಲ್ಲ?”

“ಆಡ್ತಾರ್ರಿ. ಅವರಿಗೆ ನಾನು ಏನೂ ಹೇಳಿಲ್ಲರಿ.”

“ಹೇಳಿದಿ ಅಂತ ನಾ ಎಲ್ಲಿ ಅಂದೆ? ಕೇಳ್ದೆ ಅಷ್ಟ.”

“ನಾನೂ ಒಂದು ಕೇಳ್ಲೇನ್ರಿ ಮೇಡಂ? ನೀವು ಫೋನಿನ್ಯಾಗ ಮಾತಾಡೋದು ಯಾರ ಸಂಗಾಟ್ರಿ?”

ಮೇಡಂ ಮುಖ ಕೆಂಪಾಯಿತು. “ನಮ್ಮವ್ವ ದವಾಖಾನ್ಯಾಗ ಅದಾಳ. ಸಾಕಾ?” ಅಂದು ಬಾಗಿಲು ಹಾಕಿಕೊಂಡರು. ಹುಲಿಗೆಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಅನುಮಾನ ಪೂರ್ತಿ ಹೋಗಲಿಲ್ಲ, ಅದರ ಅರ್ಧ ಈಗ ಮನೆಯ ಕಡೆ ತಿರುಗಿತು.

ಅವಳ ಗಂಡ ಪಂಪಾಪತಿ ಕ್ಯಾಂಪಿನಲ್ಲಿ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತಿಕೊಡುವವನು. ಹಗಲೆಲ್ಲ ತಾಮ್ರದ ತಂತಿ ಸುತ್ತುವುದು, ಸಂಜೆ ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು ರೆಕ್ಕೆಯಾಟಕ್ಕೆ ಕೂರುವುದು, ಇದು ಅವನ ದಿನಚರಿ. ಹಳೇ ಮೋಟಾರಿನ ಭಾಗಗಳಿಂದ ತಾನೇ ಮಾಡಿಕೊಂಡ ಹಿಡಿಕೆ ಇತ್ತು, ಅದನ್ನು ಎಳೆದರೆ ವಿಮಾನ ಮೇಲೆ ಏಳುತ್ತಿತ್ತು, ಒತ್ತಿದರೆ ಇಳಿಯುತ್ತಿತ್ತು. ಆಡುವಾಗ ಬಾಯಲ್ಲಿ ಎಂಜಿನ್ನಿನ ಸದ್ದು ಬೇರೆ. ಇಷ್ಟು ದಿನ ಅದನ್ನು ಕಂಡು ನಗುತ್ತಿದ್ದವಳು ಆ ಸಂಜೆ ರೊಟ್ಟಿ ಬಡಿಯುತ್ತ ಹಿಂದಿನಿಂದ ಅವನ ಬೆನ್ನನ್ನೇ ನೋಡಿದಳು. ನಾನು ನಿದ್ದೆಯಲ್ಲಿ ಏನಾದರೂ ಬಡಬಡಿಸಿದೆನೆ? ನನ್ನ ಚೀಲದೊಳಗಿನ ನಕ್ಷೆಯನ್ನು ಇವನು ನೋಡಿದನೆ? ಹದಿನಾರು ವರ್ಷ ಸಂಸಾರ ಮಾಡಿದ ಗಂಡನ ಮೇಲೆ ಹೀಗೆ ಯೋಚಿಸುವ ಗತಿ ಬಂತಲ್ಲ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಆಟದಾಗ ನಿಮ್ಮ ಹೆಸರು ಏನ್ರಿ?” ಅಂದಳು, ಸುಮ್ಮನೆ ಕೇಳಿದ ಹಾಗೆ.

“ಮೋಟಾರ್ ಮಾಮ. ಯಾಕ, ನೀನೂ ಸೇರ್ತೀಯೇನು?”

“ಹದ್ದು ನಲವತ್ತೊಂದು ಅಂತ ಯಾರನ್ನರ ಬಲ್ಲೀರೇನು?”

“ಓ, ಅವನಾ. ಭಾರಿ ಹುಚ್ಚ ಅದಾನ. ಎಲ್ಲಾರೂ ಚಿಗರಿ ಎಣಿಸಿದ್ರ ಅವ ಮಾಸಲು ಹುಡುಕ್ಕೊಂತ ತಿರುಗ್ತಾನ.”

ಹುಲಿಗೆಮ್ಮನ ಕೈಯೊಳಗಿನ ರೊಟ್ಟಿ ಅಲ್ಲೇ ನಿಂತಿತು. “ಮಾಸಲು ಅಂದ್ರ?”

“ಬಾ ಇಲ್ಲಿ, ತೋರಿಸ್ತೀನಿ.”

ಪಂಪಾಪತಿ ವಿಮಾನವನ್ನು ಓರೆ ಮಾಡಿ ತಿರುಗಿಸಿದ. ಕೆಳಗೆ ಬಯಲು ಓಡುತ್ತಿತ್ತು, ಒಂದೊಂದು ಹುಲ್ಲಿನ ಗರಿಯೂ ಬಿಡಿಸಿಟ್ಟಂತೆ ಸ್ಪಷ್ಟ, ಬಿರುಕುಬಿಟ್ಟ ಎರೆಮಣ್ಣು, ಜಾಲಿಮುಳ್ಳಿನ ನೆರಳು. ಅಷ್ಟರಲ್ಲಿ ನಡುವೆ ಒಂದು ಚೌಕ ಬಂತು. ಅಲ್ಲಿ ಹುಲ್ಲು ಗರಿಗರಿಯಾಗಿರಲಿಲ್ಲ, ನೀರು ಬಿದ್ದ ಚಿತ್ರದಂತೆ ಮಸುಕಾಗಿತ್ತು. ದಾಟಿದ ಮೇಲೆ ಮತ್ತೆ ಎಲ್ಲವೂ ಸ್ಪಷ್ಟ.

“ಇದ ನೋಡು ಮಾಸಲು. ಮೊದಲು ಆ ಕಡೆ ಒಂದು ಇತ್ತು, ಅರವತ್ತನಾಲ್ಕರ ಹತ್ರ. ಅದು ಹೋತು, ಈಗ ಇಲ್ಲಿ ಬಂದೈತಿ. ನಾವೆಲ್ಲ ಮಶೀನು ಕೆಟ್ಟೈತಿ ಅನ್ಕಂಡಿವಿ. ಹದ್ದು ಅಂತಾನ, ಮಶೀನು ಕೆಟ್ಟಿಲ್ಲ, ಇಲ್ಲಿ ಬಂದಾಗ ಅವರ ವಿಮಾನ ಮ್ಯಾಲೆ ಏಳ್ತೈತಿ, ಎತ್ತರದಿಂದ ತಗದ ಚಿತ್ರ ಮಾಸಲಾ ಬರ್ತೈತಿ. ಸುಮ್ನ ಯಾಕ ಮ್ಯಾಲೆ ಏಳ್ತಾರ, ಕೆಳಗ ಏನೋ ಐತಿ ಅಂತಾನ. ಯಾಕ, ಏನಾತು? ಮುಖ ಯಾಕ ಹಂಗ ಮಾಡಿದಿ?”

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದಳು.

ಕೇಂದ್ರದ ನಿಯಮ ಸ್ಪಷ್ಟವಾಗಿತ್ತು: ವಿಮಾನ ಬಯಲಿನುದ್ದಕ್ಕೂ ಅರವತ್ತು ಮೀಟರ್ ಎತ್ತರದಲ್ಲೇ ಹಾರಬೇಕು. ಅದನ್ನು ಮುರಿದವಳು ಹುಲಿಗೆಮ್ಮ. ಮೊದಲ ಸಲ ಮೊಟ್ಟೆಯ ಮೇಲೆ ವಿಮಾನದ ನೆರಳು ಹಾದಾಗ ಹಕ್ಕಿ ಬೆದರಿ ಕೊರಳನ್ನು ನೆಲಕ್ಕೆ ಚಾಚಿ ಒತ್ತಿಕೊಂಡದ್ದನ್ನು ಅವಳು ಕಂಡಿದ್ದಳು. ಮರುದಿನದಿಂದ ಆ ಚೌಕ ಬಂದಾಗ ವಿಮಾನವನ್ನು ಇನ್ನೂರು ಮೀಟರಿಗೆ ಏರಿಸಿ, ದಾಟಿಸಿ, ಮತ್ತೆ ಇಳಿಸುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಅವಳಪ್ಪ ಹೊಲದಲ್ಲಿ ಕುಂಟೆ ಹೊಡೆಯುವಾಗ ಹಕ್ಕಿಯ ಮೊಟ್ಟೆ ಕಂಡರೆ ಎತ್ತು ನಿಲ್ಲಿಸಿ, ಕುಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ದಾಟಿಸಿ ಆಚೆ ಇಳಿಸುತ್ತಿದ್ದ. ಆ ಭಾಗದಲ್ಲಿ ಎಲ್ಲ ರೈತರೂ ಹಾಗೇ ಮಾಡುತ್ತಿದ್ದರು, ಮಾಡದಿದ್ದವನನ್ನು ಪಾಪಿ ಅನ್ನುತ್ತಿದ್ದರು. ವಿಮಾನ ಎತ್ತಿ ದಾಟಿಸುವುದನ್ನು ಮೇಡಂಗೆ ಹೇಳಬೇಕೆಂದು ಕೂಡ ಅವಳಿಗೆ ಹೊಳೆದಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಚಿತ್ರಗಳು ಒಂದೊಂದಾಗಿ ಬರುತ್ತವೆ, ಒಂದರ ಪಕ್ಕ ಒಂದಿಟ್ಟು ನೋಡುವ ಕೆಲಸ ಅಲ್ಲಿಲ್ಲ. ಹೊಲಿದಾದ ಮೇಲೆ ಅದು ಎದ್ದು ಕಾಣುವುದು ಆಟದಲ್ಲಿ ಮಾತ್ರ.

ಹಕ್ಕಿಯನ್ನು ಅಳಿಸಿದ್ದರು, ಅವಳ ಕರುಣೆಯನ್ನು ಯಾರೂ ಅಳಿಸಿರಲಿಲ್ಲ. ಅರವತ್ತನಾಲ್ಕರ ಮೊಟ್ಟೆಯ ಜಾಗ ಜೀಪಿನವರಿಗೆ ಹೇಳಿಕೊಟ್ಟವಳು ಅವಳೇ.

“ಇಲ್ಲಿ ನೋಡು, ಹದ್ದು ಏನೋ ಬರದಾನ,” ಅಂದ ಪಂಪಾಪತಿ. ಆಡುವವರು ಒಬ್ಬರಿಗೊಬ್ಬರು ಸುದ್ದಿ ಹಾಕುವ ಜಾಗದಲ್ಲಿ ಎರಡು ಸಾಲು ಇದ್ದವು: ಶನಿವಾರ ಮಾಸಲನ್ನು ಕಣ್ಣಾರೆ ನೋಡಲು ಹೊರಟಿದ್ದೇವೆ, ಸಿರುಗುಪ್ಪದಿಂದ ದಾರಿ ಗೊತ್ತಿದ್ದವರು ತಿಳಿಸಿ. ಅವತ್ತು ಬುಧವಾರ.

ಗುರುವಾರ ಬೆಳಿಗ್ಗೆ ಹುಲಿಗೆಮ್ಮ ಮೇಡಂ ಎದುರು ನಿಂತು ಎಲ್ಲವನ್ನೂ ಹೇಳಿದಳು. ಫೋನಿನ ಮಾತಿಗೆ ತಪ್ಪಾಯಿತು ಅಂತಲೂ ಸೇರಿಸಿದಳು. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

“ಇವತ್ತಿಂದ ವಿಮಾನ ನಿಲ್ಲಿಸೋಣ,” ಅಂದರು ಮೇಡಂ. “ಆದ್ರ ಹಳೇ ಚಿತ್ರ ಈಗಾಗ್ಲೇ ಮಂದಿ ಕೈಯಾಗ ಅದಾವ. ಜಾಗ ಗೊತ್ತಾದೋರಿಗೆ ಗೊತ್ತಾತು.”

“ಪೊಲೀಸರನ್ನ ಕರೆಸ್ಲೇನ್ರಿ?”

“ಅವರು ಜೀಪ್ ತಗೊಂಡು ಬರ್ತಾರ. ಹಕ್ಕಿ ಏಳೋದು ಮೊದ್ಲು ಅವರಿಗೇ. ನಾಲ್ಕೂ ಕಡೆ ಬಂಡಿದಾರಿ ಇರೋ ಬಯಲು, ಎಲ್ಲೆಲ್ಲಿ ಅಂತ ನಿಲ್ಲಿಸೋದು? ಮೊಟ್ಟಿ ಹತ್ರ ಕೂತ್ರೂ ಹಕ್ಕಿ ಹೆದರಬಾರ್ದು, ಅಂಥೋರು ಬೇಕು.”

ಅಂಥವರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಕಪ್ಪು ಕಂಬಳಿ ಹೊದ್ದು, ಹತ್ತು ಕುರಿ ಬಿಟ್ಟುಕೊಂಡು, ಗಾದಿಲಿಂಗಪ್ಪ ಇನ್ನೂರು ಹೆಜ್ಜೆ ದೂರದಲ್ಲಿ ದಿನವಿಡೀ ಕೂತರೂ ಆ ಹಕ್ಕಿ ಕೊರಳು ಸಹ ಎತ್ತುತ್ತಿರಲಿಲ್ಲ. ಆರು ವರ್ಷದ ಗುರುತು ಅದಕ್ಕೆ.

“ನಾ ಹೋಗಿ ಕರೀತೀನ್ರಿ.”

“ಹೋಗು. ಆದ್ರ ಅವನ ಹೆಸರು ಹೇಳಿದಾಕಿ ನೀನ ಅಂತ ಹೇಳಬ್ಯಾಡ. ಹೇಳಿದ್ರ ಅವ ಬರೂದಿಲ್ಲ.”

ಗಾದಿಲಿಂಗಪ್ಪನ ಮನೆ ಕ್ಯಾಂಪಿನಾಚೆ ಕಾಲುವೆಯ ದಂಡೆಗಿತ್ತು. ಅವನು ಕಟ್ಟೆಯ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಎರಡು ತಿಂಗಳಲ್ಲಿ ಸೊರಗಿದ್ದ. ಅವನ ಹೆಂಡತಿ ಹುಲಿಗೆಮ್ಮನನ್ನು ಕಂಡು, ಕಣ್ಣು ತೇವ ಮಾಡಿಕೊಂಡು, “ಬಾರವ್ವಾ. ನೀನೊಬ್ಬಾಕಿ ಆದ್ರೂ ಬಂದೆಲ್ಲ. ಊರಾಗ ಎಲ್ಲಾರೂ ಮೊಟ್ಟಿಗಳ್ಳ ಅಂತಾರ ಇವರಿಗೆ,” ಅಂದು ನೀರು ತಂದು ಕೊಟ್ಟಳು.

ಮೇಡಂ ಹೇಳಿದ್ದು ಹುಲಿಗೆಮ್ಮನ ತಲೆಯಲ್ಲಿತ್ತು. ಸುಮ್ಮನಿದ್ದರೆ ಕೆಲಸ ಸಲೀಸು. ಆದರೆ ಆ ನೀರಿನ ಚೊಂಬು ಕೈಗೆ ಬಂದ ಮೇಲೆ ಸುಮ್ಮನಿರುವುದು ಅವಳಿಂದ ಆಗಲಿಲ್ಲ.

“ಮಾವ, ಜೀಪಿನ ಸುದ್ದಿ ಮೇಡಂಗೆ ಹೇಳಿದ್ದು ನಾನು. ನಿಮ್ಮ ಹೆಸರು ತಗದಾಕಿ ನಾನು. ಮೊಟ್ಟಿ ಹೋದದ್ದು ನಿಮ್ಮಿಂದಲ್ಲ, ನನ್ನಿಂದ,” ಅಂದಳು. ವಿಮಾನ ಎತ್ತಿದ್ದು, ಮಾಸಲು, ಹದ್ದು, ಶನಿವಾರ, ಒಂದೂ ಬಿಡದೆ ಹೇಳಿದಳು.

ಹೆಂಡತಿ ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಗಾದಿಲಿಂಗಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಒಂದು ಮಾರುದ್ದ ಹೊಸೆದ ಮೇಲೆ ಕೇಳಿದ.

“ಹಕ್ಕಿ ಕುಂತು ಎಷ್ಟು ದಿನ ಆತು?”

“ಹತ್ತೊಂಬತ್ತು.”

“ಇನ್ನ ಎಂಟು ದಿನಕ್ಕ ಮರಿ,” ಅಂದ. ಎದ್ದು ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡ. “ಕುರಿ ನನ್ನ ತಮ್ಮನ ಕಡೆ ಅದಾವ, ಹೊಡಕೊಂಡು ಬಾ. ನನ್ನ ಸಂಗಾಟ ಮಾತಾಡಬ್ಯಾಡ.”

ಮೂರು ದಿನ ಅವನು ನೂರ ಹದಿನೇಳನೆಯ ಚೌಕದ ಅಂಚಿನಲ್ಲಿ ಕೂತ. ಹುಲಿಗೆಮ್ಮ ಬೆಳಿಗ್ಗೆ ರೊಟ್ಟಿ ತಂದು ಇಟ್ಟು, ದೂರದಲ್ಲಿ ಕುರಿ ಕಾಯುತ್ತ ಸಂಜೆಯವರೆಗೆ ಇರುತ್ತಿದ್ದಳು. ಅವಳು ತಂದ ರೊಟ್ಟಿಯನ್ನು ಅವನು ಮುಟ್ಟಲಿಲ್ಲ. ಹಕ್ಕಿ ಮಾತ್ರ ಕೂತಲ್ಲೇ ಕೂತಿತ್ತು, ಹುಲ್ಲಿನ ನಡುವೆ ಅದರ ಬಿಳಿ ಕೊರಳು ಗೊತ್ತಿದ್ದವರ ಕಣ್ಣಿಗಷ್ಟೇ ಕಾಣುತ್ತಿತ್ತು.

ಶನಿವಾರ ಹತ್ತು ಗಂಟೆಗೆ ಜೀಪು ಬಂತು. ಗಾದಿಲಿಂಗಪ್ಪ ಎದ್ದು ನಿಧಾನಕ್ಕೆ ಬಂಡಿದಾರಿಯವರೆಗೂ ನಡೆದು ಹೋಗಿ ಅಡ್ಡ ನಿಂತ. ಹುಲಿಗೆಮ್ಮನೂ ಹೋದಳು. ಜೀಪಿನಲ್ಲಿ ಇಬ್ಬರಿದ್ದರು, ತೋಳುದ್ದದ ಕ್ಯಾಮೆರಾ ತೊಡೆಯ ಮೇಲೆ. ನೋಡಿದರೆ ಕಟುಕರ ಹಾಗಿರಲಿಲ್ಲ, ಓದಿದ, ನಗುಮುಖದ ಮಂದಿ. ಅದರಿಂದ ಅವಳಿಗೆ ಇನ್ನೂ ಭಯವಾಯಿತು.

“ಯಜಮಾನ್ರೇ, ಇಲ್ಲಿ ಎರೆಭೂತ ಮೊಟ್ಟೆ ಇಟ್ಟಿದೆಯಂತಲ್ಲ? ದೂರದಿಂದ ಒಂದು ಫೋಟೋ ತಗೊಂಡು ಹೋಗ್ತೀವಿ.”

“ಇಟ್ಟಿತ್ತು,” ಅಂದ ಗಾದಿಲಿಂಗಪ್ಪ. “ನಿಮ್ಮಂಥೋರೇ ಫೋಟೋ ಹಿಡೀಲಿಕ್ಕೆ ಬಂದಿದ್ರು. ತುಳದು ಹೋದ್ರು. ಸಿಪ್ಪಿ ಬೇಕಂದ್ರ ಆ ಕಡೆ ನಾಲ್ಕು ಕಿಲೋಮೀಟರ್ ಹೋಗ್ರಿ, ಸಿಗತೈತಿ.”

“ಮತ್ತೆ ಈ ಜಾಗ ನಮ್ಮ ಆಟದಲ್ಲಿ ಮಸುಕಾಗಿ ಕಾಣತ್ತಲ್ಲ?”

ಗಾದಿಲಿಂಗಪ್ಪ ತಿರುಗದೆ, ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. “ಈಕೀನ್ನ ಕೇಳ್ರಿ. ವಿಮಾನ ಹಾರಸಾಕಿ ಈಕೀನೇ. ಮೊಟ್ಟಿ ಜಾಗ ಮಂದೀಗೆ ತೋರಿಸಿಕೊಟ್ಟಾಕೀನೂ ಈಕೀನೇ.”

ಇಬ್ಬರೂ ಅವಳನ್ನು ನೋಡಿದರು. ಅವಳು ನೆಲ ನೋಡುತ್ತ ಹೇಳಿದಳು.

“ಹೌದ್ರಿ. ನಾನೇ ತೋರಿಸಿಕೊಟ್ಟೆ. ಮೊಟ್ಟಿ ಒಡದು ಇರುವಿ ಹತ್ತಿತ್ತು. ಆಮ್ಯಾಲೆ ಏನೂ ಮಾಡದ ಈ ಮಾವನ ಹೆಸರು ಹೇಳಿ ಕೆಲಸ ಬಿಡಿಸಿದೆ. ಮಸುಕಾಗಿದ್ದೂ ನನ್ನ ತಪ್ಪಿನಿಂದಲೇ, ನಾನು ವಿಮಾನ ಹೆಂಗ ಹಾರಸಬೇಕೋ ಹಂಗ ಹಾರಸಲಿಲ್ಲ.”

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದಕ್ಕೇ ಇರಬೇಕು, ಅವರು ನಂಬಿದರು. ಒಬ್ಬ ಅವಳನ್ನು ಅಸಹ್ಯದಿಂದ ನೋಡಿ, “ನಿಮ್ಮಂಥವರ ಕೈಗೆ ಕೊಟ್ಟರೆ ಇನ್ನೇನಾಗತ್ತೆ,” ಅಂದ. ಜೀಪು ತಿರುಗಿಕೊಂಡು, ಧೂಳೆಬ್ಬಿಸಿ, ಬಂದ ದಾರಿಯಲ್ಲೇ ಹೋಯಿತು.

ಹುಲಿಗೆಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ದಾರಿಯಲ್ಲೇ ನಿಂತು ಅತ್ತಳು. ಗಾದಿಲಿಂಗಪ್ಪ ಸಮಾಧಾನ ಹೇಳಲಿಲ್ಲ. ತನ್ನ ಜಾಗಕ್ಕೆ ಹೋಗಿ ಕಂಬಳಿ ಹೊದ್ದು ಕೂತ. ಸ್ವಲ್ಪ ಹೊತ್ತಾದ ಮೇಲೆ, ಮೂರು ದಿನದಲ್ಲಿ ಮೊದಲ ಸಲ, ತಾನಾಗಿ ಅವಳೊಂದಿಗೆ ಮಾತಾಡಿದ.

“ಕುರಿ ಆ ಕಡೆ ಹೊಂಟಾವು. ತಿರುವು.”

ಅವಳು ಬಗ್ಗಿಕೊಂಡು, ಸದ್ದು ಮಾಡದೆ, ಹುಲ್ಲಿನ ಅಂಚು ಬಳಸಿ ಹೋಗಿ ಕುರಿಗಳನ್ನು ತಿರುಗಿಸಿದಳು. ಹಕ್ಕಿ ಎದ್ದಿರಲಿಲ್ಲ.